ಮಾವಿನಕೆರೆಯ ದಂಡೆಯ ಮೇಲೆ

ಕೋಟೆಗಳನ್ನು ನೋಡಲು ಹೋಗುವವರು ಗೋಡೆಯ ಎತ್ತರವನ್ನು ನೋಡುತ್ತಾರೆ, ಬಾಗಿಲ ಕೆತ್ತನೆಯನ್ನು ನೋಡುತ್ತಾರೆ, ಬುರುಜಿನ ಮೇಲೆ ತುಕ್ಕು ಹಿಡಿದು ಮಲಗಿರುವ ತೋಪನ್ನು ಮುಟ್ಟಿ ನೋಡುತ್ತಾರೆ. ಆ ಗೋಡೆಯ ಒಳಗಿದ್ದ ಜನ ಮುತ್ತಿಗೆಯ ದಿವಸಗಳಲ್ಲಿ ಏನನ್ನು ಕುಡಿದು ಬದುಕಿದರೆಂದು ವಿಚಾರಿಸುವವರು ವಿರಳ. ನಮ್ಮ ಇತಿಹಾಸ ಗ್ರಂಥಗಳೂ ಈ ವಿಷಯದಲ್ಲಿ ಪ್ರವಾಸಿಗಳಿಗಿಂತ ಹೆಚ್ಚು ಕುತೂಹಲವನ್ನು ತೋರಿಸಿಲ್ಲ. ಅವುಗಳಲ್ಲಿ ದಂಡುಗಳು ನದಿಯನ್ನು ದಾಟುತ್ತವೆ, ನೀರು ಕುಡಿಯುವುದಿಲ್ಲ.

ಈ ಹೊತ್ತು ನಾವು ಶ್ರೋತೃಗಳನ್ನು ಕರೆದುಕೊಂಡು ಹೋಗಬೇಕೆಂದಿರುವುದು ರಾಯಚೂರು ಪಟ್ಟಣದ ಮಾವಿನಕೆರೆಯ ದಂಡೆಗೆ. ಅದು ದೊಡ್ಡ ಸರೋವರವಲ್ಲ; ಅದರ ಅಂಚಿನ ಉದ್ಯಾನವಾದರೂ ಬೆಂಗಳೂರಿನ ಲಾಲ್‌ಬಾಗನ್ನಾಗಲಿ ಮೈಸೂರಿನ ಕಾರಂಜಿಕೆರೆಯ ತೋಟವನ್ನಾಗಲಿ ಕಂಡವರ ಕಣ್ಣಿಗೆ ಹಬ್ಬವನ್ನೇನೂ ಮಾಡದು. ನಿಧಾನವಾಗಿ ನಡೆದರೂ ಸ್ವಲ್ಪ ಹೊತ್ತಿನಲ್ಲಿಯೇ ಮುಗಿದುಹೋಗುವ ದಾರಿ. ಆದರೆ ಆ ದಾರಿಯಲ್ಲಿ ನಿಂತು ಕತ್ತೆತ್ತಿದರೆ ಕೋಟೆಯ ಬೆಟ್ಟ ಕಾಣುತ್ತದೆ, ಕತ್ತು ಬಗ್ಗಿಸಿದರೆ ನೀರು ಕಾಣುತ್ತದೆ. ಈ ಎರಡನ್ನೂ ಒಂದೇ ನೋಟದಲ್ಲಿ ಹಿಡಿದುಕೊಂಡರೆ ರಾಯಚೂರಿನ ಚರಿತ್ರೆಯಲ್ಲಿ ಸಾಮಾನ್ಯವಾಗಿ ಹೇಳದೆ ಉಳಿಯುವ ಒಂದು ಭಾಗ ತಿಳಿದುಬರುತ್ತದೆ.

ರಾಯಚೂರು ಸೀಮೆಯನ್ನು ದೋಆಬ್ ಎನ್ನುವುದು ವಾಡಿಕೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವೆ ಇರುವುದು ಎರಡು ನೀರುಗಳ ನಾಡು ಎಂದು ಆ ಪಾರಸಿಯ ಮಾತಿನ ಅರ್ಥ. ವಿಜಯನಗರದವರೂ ಬಹಮನಿಗಳೂ, ಬಹಮನಿ ರಾಜ್ಯವು ಒಡೆದ ಮೇಲೆ ಬಿಜಾಪುರದ ಆದಿಲ್ ಷಾಹಿಗಳೂ, ಈ ತುಂಡು ಭೂಮಿಗಾಗಿ ಎರಡು ಶತಮಾನಗಳಿಗೂ ಮಿಕ್ಕಿ ಹೊಡೆದಾಡಿದರೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಎರಡು ನದಿಗಳ ನಡುವಣ ಫಲವತ್ತಾದ ಭೂಮಿ ಎಂಬ ಮಾತನ್ನು ನಾವೆಲ್ಲರೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದವರೇ. ಆದರೆ ವೈಶಾಖ ಮಾಸದ ಒಂದು ಮಧ್ಯಾಹ್ನ ರಾಯಚೂರಿನ ಬಯಲಿನಲ್ಲಿ ನಿಂತು ನೋಡಿದವರಿಗೆ ಆ ವಾಕ್ಯದ ಮೇಲೆ ಸಂದೇಹ ಹುಟ್ಟದೆ ಇರದು. ವರ್ಷಕ್ಕೆ ಸುಮಾರು 25 ಅಂಗುಲ ಮಳೆ ಬಿದ್ದರೆ ಅದು ಒಳ್ಳೆಯ ವರ್ಷ. ನದಿಗಳೆರಡೂ ಇವೆ; ಆದರೆ ಅವು ಆಳವಾದ ಪಾತ್ರವನ್ನು ಕೊರೆದುಕೊಂಡು ಕಲ್ಲು ಬಂಡೆಗಳ ನಡುವೆ ಹರಿಯುತ್ತವೆ. ಪಟ್ಟಣವಿರುವುದು ನಡುವಣ ದಿಣ್ಣೆಯ ಮೇಲೆ. ನೀರು ತಾನಾಗಿ ಎತ್ತರಕ್ಕೆ ಏರಿ ಬರುವುದಿಲ್ಲ. ಆದುದರಿಂದ ಎರಡು ಮಹಾನದಿಗಳ ನಡುವೆ ಕುಳಿತ ಈ ಊರು ತನ್ನ ಇತಿಹಾಸದ ಬಹುಭಾಗ ಆ ನದಿಗಳ ನೀರನ್ನು ಕುಡಿಯಲಿಲ್ಲ. ಕುಡಿದುದು ಕೆರೆಯ ನೀರನ್ನು, ಬಾವಿಯ ನೀರನ್ನು, ಬಂಡೆಯ ಸಂದಿನಿಂದ ಒಸರುವ ಊಟೆಯ ನೀರನ್ನು.

ಕಾರ್ತಿಕದ ಬೆಳಗ್ಗೆ ಮಾವಿನಕೆರೆಯ ಕಡೆ ತಿರುಗಾಡಲು ಹೋಗುವುದು ಸುಖಕರವಾದುದು. ಮಳೆ ನಿಂತು ಸ್ವಲ್ಪ ಕಾಲವಾಗಿರುತ್ತದೆ, ನೀರು ತಂಗಿರುತ್ತದೆ, ಬಿಸಿಲಿಗೆ ಇನ್ನೂ ಹಲ್ಲು ಬಂದಿರುವುದಿಲ್ಲ. ದಂಡೆಯ ಬೇವಿನ ಮರಗಳ ಕೆಳಗೆ ನಡೆಯುವವರು ನಮ್ಮಂತಹ ನಡುವಯಸ್ಸಿನವರೇ ಹೆಚ್ಚು. ವೈದ್ಯರ ಆಜ್ಞೆಯಿಂದ ನಡೆಯುವವರು ವೇಗವಾಗಿಯೂ ಸ್ವಂತ ಇಚ್ಛೆಯಿಂದ ನಡೆಯುವವರು ನಿಧಾನವಾಗಿಯೂ ನಡೆಯುತ್ತಾರೆ. ನೀರಿನಂಚಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಬೆಳ್ಳಕ್ಕಿ, ಒಣಗಿದ ಕೊಂಬೆಯ ಮೇಲೆ ರೆಕ್ಕೆಗಳನ್ನು ಬಿಚ್ಚಿ ಬಿಸಿಲಿಗೆ ಹಿಡಿದ ನೀರುಕಾಗೆ, ಹಣೆಯ ಮೇಲೆ ಬಿಳಿಯ ತೇಪೆಯಿರುವುದರಿಂದ ನಾಮದಕೋಳಿ ಎಂಬ ಹೆಸರನ್ನು ಪಡೆದ ಕಪ್ಪು ಹಕ್ಕಿ, ಇವು ದಖ್ಖನಿನ ಯಾವ ಕೆರೆಯಲ್ಲಿಯೂ ಕಾಣುವ ಒಕ್ಕಲುಗಳು. ಮಿಂಚುಳ್ಳಿ ಒಮ್ಮೆ ನೀಲಿಯ ಗೆರೆ ಎಳೆದು ಹೋದರೆ ಅದರ ಹಿಂದೆ ಕಣ್ಣು ಹೋಗುತ್ತದೆ. ಅಷ್ಟರಲ್ಲಿ ಮೀನೂ ಇಲ್ಲ, ಹಕ್ಕಿಯೂ ಇಲ್ಲ.

ಕೆರೆಯ ಸುತ್ತಲೂ ಬಯಲಿನಲ್ಲಿಯೂ ಎಲ್ಲೆಂದರಲ್ಲಿ ಹಬ್ಬಿರುವುದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಹುಟ್ಟು ಅಮೆರಿಕಾ ಖಂಡದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಗೂ ಮಣ್ಣು ಕಾಯುವುದಕ್ಕೂ ಆದೀತೆಂದು ತಂದು ನೆಟ್ಟ ಗಿಡ ಈಗ ನೆಡುವವರ ಅಪ್ಪಣೆಯನ್ನು ಕಾಯುತ್ತಿಲ್ಲ. ಕೃಷ್ಣದೇವರಾಯನ ದಂಡಿನವರು ಈ ಬಯಲಿನಲ್ಲಿ ಬೀಡುಬಿಟ್ಟಾಗ ಈ ಮುಳ್ಳು ಅವರ ಕಾಲಿಗೆ ಚುಚ್ಚಿರಲಿಲ್ಲ. ಆಗ ಇಲ್ಲಿ ಇದ್ದುದೇನೆಂಬುದನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ: ಬಹಳ ಚಿಕ್ಕವಲ್ಲದೆ ಬೇರೆ ಮರಗಳಿಲ್ಲದ ದೊಡ್ಡ ಬಯಲು, ಅದರಲ್ಲಿ ಭಾರಿ ಬಂಡೆಗಳು. ಮರದ ಜಾತಿ ಬದಲಾಯಿತೆಂಬುದನ್ನು ಬಿಟ್ಟರೆ ಆ ವರ್ಣನೆಯಲ್ಲಿ ಇಂದಿಗೂ ತಿದ್ದಬೇಕಾದುದು ಬಹಳವಿಲ್ಲ. ಬಂಡೆಗಳು ಅಲ್ಲಿಯೇ ಇವೆ. 250 ಕೋಟಿ ವರ್ಷಗಳಿಗೂ ಹಿಂದಿನದೆಂದು ಭೂಗರ್ಭಶಾಸ್ತ್ರಜ್ಞರು ಹೇಳುವ ಕಲ್ಲಿಗೆ 500 ವರ್ಷ ಯಾವ ಲೆಕ್ಕ?

ಈ ಬಂಡೆಗೂ ಈ ಕೆರೆಗೂ ಇರುವ ಸಂಬಂಧವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಲುಬೆಟ್ಟದ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಜಾರುತ್ತದೆ. ಅರ್ಧ ಗಳಿಗೆ ಜೋರಾಗಿ ಹೊಯ್ದರೆ ಸಾಕು, ಬೆಟ್ಟದ ಬುಡಕ್ಕೆ ನೀರು ಓಡಿ ಬರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಅದು ಹಳ್ಳವನ್ನು ಸೇರಿ ನದಿಗೆ ಹೋಗುತ್ತದೆ. ತಗ್ಗಿಗೆ ಅಡ್ಡಲಾಗಿ ಏರಿಯನ್ನು ಹಾಕಿದರೆ ನಿಲ್ಲುತ್ತದೆ. ನಿಂತ ನೀರು ತೂಬಿನ ಮೂಲಕ ಹೊರಕ್ಕೆ ಬರುವುದು ಕಣ್ಣಿಗೆ ಕಾಣುವ ಉಪಯೋಗ. ಕಾಣದ ಉಪಯೋಗವೇ ದೊಡ್ಡದು. ಅದು ಕಲ್ಲಿನ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿದು, ಕೆರೆಯ ಕೆಳಗಣ ಬಾವಿಗಳಲ್ಲಿ ತಲೆಯೆತ್ತುತ್ತದೆ. ಕೆರೆ ತುಂಬಿದ ವರ್ಷ ಊರಿನ ಬಾವಿಗಳಲ್ಲಿ ಹಗ್ಗ ಗಿಡ್ಡವಾಗುತ್ತದೆ, ಕೆರೆ ಬತ್ತಿದ ವರ್ಷ ಉದ್ದವಾಗುತ್ತದೆ ಎಂಬುದನ್ನು ನಮ್ಮ ಅಜ್ಜಿಯಂದಿರು ಯಾವ ಜಲಶಾಸ್ತ್ರವನ್ನೂ ಓದದೆ ತಿಳಿದಿದ್ದರು. ಆದುದರಿಂದ ಊರಿನ ಬಳಿಯ ಕೆರೆ ಎಂದರೆ ಒಂದು ಪಾತ್ರೆಯಲ್ಲ. ನೂರಾರು ಬಾವಿಗಳ ತಾಯಿ.

ಇನ್ನು ಹೆಸರಿನ ಮಾತು. ಕನ್ನಡದಲ್ಲಿ ಇದು ಮಾವಿನಕೆರೆ, ಉರ್ದುವಿನಲ್ಲಿ ಆಮ್ ತಲಾಬ್. ಒಂದು ಇನ್ನೊಂದರ ಭಾಷಾಂತರವೆಂಬುದು ಮೇಲುನೋಟಕ್ಕೆ ತೋರುತ್ತದೆ. ಆದರೆ ಉರ್ದು ಬಲ್ಲವರಿಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ಆ ಭಾಷೆಯಲ್ಲಿ ಆಮ್ ಎಂಬ ಎರಡು ಶಬ್ದಗಳಿವೆ. ಅಲಿಫ್‌ನಿಂದ ಬರೆಯುವ ಆಮ್ ಮಾವಿನ ಹಣ್ಣು; ಐನ್‌ನಿಂದ ಬರೆಯುವ ಆಮ್ ಎಂದರೆ ಸರ್ವಸಾಧಾರಣ, ಎಲ್ಲರಿಗೂ ಸೇರಿದುದು. ಕಾಗದದ ಮೇಲೆ ಅವು ಬೇರೆ ಬೇರೆ. ಬಾಯಿಯಲ್ಲಿ, ವಿಶೇಷವಾಗಿ ನಮ್ಮ ದಖನೀ ಬಾಯಿಯಲ್ಲಿ, ಎರಡೂ ಒಂದೇ. ದಿಲ್ಲಿಯ ಅರಮನೆಯಲ್ಲಿ ದಿವಾನ್-ಇ-ಆಮ್ ಒಂದು, ದಿವಾನ್-ಇ-ಖಾಸ್ ಇನ್ನೊಂದು ಇರುವುದನ್ನು ಶ್ರೋತೃಗಳು ಬಲ್ಲರು; ಮೊದಲನೆಯದು ಪ್ರಜೆಗಳಿಗೆ ದರ್ಶನ ಕೊಡುವ ಸಭಾಂಗಣ, ಎರಡನೆಯದು ಆಪ್ತರಿಗೆ ಮೀಸಲಾದುದು. ರಾಯಚೂರಿನಲ್ಲಿ ಆಮ್ ತಲಾಬ್ ಇರುವಂತೆಯೇ ಖಾಸ್ ಬಾವಿ ಎಂಬ ವಿಶಾಲವಾದ ಪುರಾತನ ಬಾವಿಯೊಂದಿದೆ. ಖಾಸ್ ಎಂದರೆ ವಿಶೇಷವಾದುದು, ಖಾಸಗಿಯದು. ಒಂದೇ ಊರಿನಲ್ಲಿ ಖಾಸ್ ಎಂಬ ಹೆಸರಿನ ಬಾವಿಯೂ ಆಮ್ ಎಂಬ ಹೆಸರಿನ ಕೆರೆಯೂ ಇರುವಾಗ, ಈ ಆಮ್ ಹಣ್ಣಿನ ಆಮ್ ಅಲ್ಲ, ಜನಸಾಮಾನ್ಯರ ಆಮ್ ಎಂದು ಊಹಿಸಲು ನಮಗೆ ಧೈರ್ಯ ಬರುತ್ತದೆ. ದೊರೆತನದವರಿಗೆ ಬಾವಿ, ಊರಿಗೆ ಕೆರೆ. ಕನ್ನಡಿಗರು ಆ ಶಬ್ದವನ್ನು ಕಿವಿಯಿಂದ ಕೇಳಿ ಮಾವಾಗಿಸಿಕೊಂಡಿರಬಹುದು. ಇಲ್ಲವೆ, ಮೊದಲಿನಿಂದಲೂ ಮಾವಿನಕೆರೆಯೇ ಆಗಿದ್ದು, ಅದನ್ನು ಆಮ್ ತಲಾಬ್ ಎಂದು ತಿರುಗಿಸಿದ ಮೇಲೆ ಖಾಸ್ ಬಾವಿಯ ಜೊತೆಯಲ್ಲಿ ಪ್ರಾಸ ಕೂಡಿಕೊಂಡಿತೆಂದು ವಾದಿಸುವವರು ವಾದಿಸಲಿ; ನಮಗೆ ಜಗಳವಿಲ್ಲ. ಮಾವಿನ ತೋಪು ದಂಡೆಯ ಮೇಲಿದ್ದರೆ ಸಂತೋಷವೇ. ಆದರೆ ನಮ್ಮ ಮನಸ್ಸು ಮೊದಲನೆಯ ಅರ್ಥವನ್ನು ಬಿಟ್ಟುಕೊಡಲು ಒಪ್ಪದು.

ಏಕೆಂದರೆ ನೀರು ಎಲ್ಲರದು ಎಂಬ ಮಾತು ಈ ಊರಿನಲ್ಲಿ ಬರಿಯ ಧರ್ಮವಾಕ್ಯವಾಗಿರಲಿಲ್ಲ. ಅದು ಊರಿನ ರಕ್ಷಣೆಯ ಲೆಕ್ಕದಲ್ಲಿ ಸೇರಿದ ಸಂಗತಿಯಾಗಿತ್ತು. ಇದಕ್ಕೆ ನ್ಯೂನಿಜನೇ ಸಾಕ್ಷಿ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ ಅವನ ಬರವಣಿಗೆಯ ಇಂಗ್ಲಿಷ್ ಭಾಷಾಂತರ ಸೇರಿದೆ. 1520ರ ಮುತ್ತಿಗೆಯನ್ನು ಅವನು ಕಣ್ಣಾರೆ ಕಂಡವನಲ್ಲ. ಸುಮಾರು 15 ವರ್ಷಗಳ ತರುವಾಯ ಬರೆದವನು. ಆದರೂ ಕುದುರೆ ವ್ಯಾಪಾರಿಯ ಕಣ್ಣು ಅವನದು; ಯಾವ ಸರಕು ಎಷ್ಟಿತ್ತೆಂಬುದನ್ನು ಎಣಿಸದೆ ಅವನು ಮುಂದಕ್ಕೆ ಹೋಗುವುದಿಲ್ಲ. ಊರಿನಿಂದ ಒಂದೊಂದು ನದಿಗೂ ಮೂರು ಲೀಗುಗಳೆನ್ನುತ್ತಾನೆ; ನಮ್ಮ ಹಳಬರು ಮೂರು ಹರದಾರಿ ಎಂದಾರು. ಮೂರು ಸುತ್ತಿನ ಕೋಟೆ. ಗಾರೆಯಿಲ್ಲದೆ ಜೋಡಿಸಿದ ದೊಡ್ಡ ಕಲ್ಲುಗಳ ಗೋಡೆ. ಒಳಗೆ ತುಂಬಿದ ಮಣ್ಣು. ಎಂಟು ಸಾವಿರ ಕಾಲಾಳು, ನಾನೂರು ಕುದುರೆ, ಇಪ್ಪತ್ತು ಆನೆ. ಐದು ವರ್ಷಕ್ಕೆ ಸಾಲುವಷ್ಟು ದವಸ. ಇವುಗಳ ನಡುವೆ ಅವನು ಬೆರಗಿನಿಂದ ಬರೆಯುವ ಒಂದು ಸಂಗತಿಯಿದೆ: ಬೆಟ್ಟದ ನೆತ್ತಿಯ ಮೇಲೆ, ಕೋಟೆ ಇರುವಲ್ಲಿ, ವರ್ಷವೆಲ್ಲ ಹರಿಯುವ ಒಂದು ಊಟೆಯಿತ್ತಂತೆ. ಅಷ್ಟು ಎತ್ತರದಲ್ಲಿ ನೀರು ಬತ್ತದೆ ಇರುವುದನ್ನು ಜನರು ಪವಿತ್ರವೆಂದೂ ರಹಸ್ಯವೆಂದೂ ಭಾವಿಸಿದ್ದರಂತೆ. ಅದಲ್ಲದೆ ಹಲವು ಕೆರೆಗಳೂ ಬಾವಿಗಳೂ ಇದ್ದುದರಿಂದ, ನೀರಿಲ್ಲದೆ ಊರು ಶತ್ರುವಿನ ಕೈಸೇರೀತೆಂಬ ಭಯವೇ ಊರಿನವರಿಗೆ ಇರಲಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಕೆರೆಗಳ ಹೆಸರನ್ನು ಅವನು ಕೊಟ್ಟಿಲ್ಲ. ತೋಪುಗಳನ್ನು ಎಣಿಸಿದವನು ಕೆರೆಗಳನ್ನೂ ಎಣಿಸಬಾರದಿತ್ತೆ ಎಂದು ನಾವು ಅವನನ್ನು ಆಗಾಗ ಮನಸ್ಸಿನಲ್ಲಿಯೇ ಕೇಳಿದ್ದುಂಟು.

ಈಗ ಗೋಡೆಯ ಹೊರಗೆ ಬರೋಣ. ಮುತ್ತಿಗೆ ಹಾಕಿದವರ ಸ್ಥಿತಿಯಾದರೋ ತದ್ವಿರುದ್ಧ. ವಿಜಯನಗರದಿಂದ ಹೊರಟ ಆ ಮಹಾಸೈನ್ಯಕ್ಕೆ ದಾರಿಯುದ್ದಕ್ಕೂ ನೀರು ಒದಗಿಸಲು ಚರ್ಮದ ಚೀಲಗಳನ್ನು ಹೊತ್ತ ಹನ್ನೆರಡು ಸಾವಿರ ಮಂದಿಯಿದ್ದರೆಂದು ನ್ಯೂನಿಜ್ ಬರೆಯುತ್ತಾನೆ. ಬಾಯಾರಿಕೆಯಿಂದ ಯಾರೂ ಸಾಯದಿರಲೆಂದು ಈ ಏರ್ಪಾಡು. ಒಂದು ಹೊಳೆಯ ವಿಚಾರ ಅವನು ಹೇಳುವುದು ಇನ್ನೂ ವಿಚಿತ್ರವಾಗಿದೆ. ದಂಡಿನ ಮುಂಭಾಗದವರು ಅಲ್ಲಿಗೆ ಬಂದಾಗ ನೀರು ಅರ್ಧ ಮೊಣಕಾಲುದ್ದ ಇತ್ತಂತೆ. ಅರ್ಧದಷ್ಟು ಜನ ದಾಟುವಷ್ಟರಲ್ಲಿ ಹೊಳೆಯೇ ಇಲ್ಲ. ಹಿಂದಿನವರು ಮರಳಿನಲ್ಲಿ ಗುಂಡಿ ತೋಡಿ ನೀರು ಹುಡುಕಬೇಕಾಯಿತಂತೆ. ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿದ್ದೀತು, ಅವನ ಕಾಲದ ಎಲ್ಲ ಬರಹಗಾರರಲ್ಲಿಯೂ ಅದು ಇದ್ದದ್ದೇ. ಆದರೆ ಗುಂಡಿ ತೋಡಿ ನೀರು ತೆಗೆಯುವುದನ್ನು ಯಾರೂ ಸುಮ್ಮನೆ ಕಲ್ಪಿಸುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಸೀಮೆಯ ಹಳ್ಳಗಳನ್ನು ನೋಡಿದವರಿಗೆ ಆ ಚಿತ್ರ ಪರಿಚಿತವಾದುದು. ಅವುಗಳನ್ನು ವರ್ತಿ ಎನ್ನುತ್ತೇವೆ.

ಹೀಗೆ ಒಳಗಿನವರು ತಂಪಾಗಿಯೂ ಹೊರಗಿನವರು ಬಾಯಾರಿಯೂ ಮೂರು ತಿಂಗಳು ಕಳೆದುವು. ಕೋಟೆ ಬೀಳಲಿಲ್ಲ. ಆಗ ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆಯ ಆಚೆಯ ದಡಕ್ಕೆ ಬಂದನು. ಅವನು ನದಿಯನ್ನು ಏಕೆ ದಾಟಿದನೆಂಬುದರಲ್ಲಿ ಚರಿತ್ರಕಾರರಿಗೆ ಏಕಮತವಿಲ್ಲ. ಬಿಜಾಪುರದ ಆಶ್ರಯದಲ್ಲಿ ಬರೆದ ಫಿರಿಸ್ತಾ, ಸುಲ್ತಾನನು ಮದ್ಯದ ಅಮಲಿನಲ್ಲಿ ದುಡುಕಿದನೆನ್ನುತ್ತಾನೆ. ಸ್ವಾಮಿಯ ಸೋಲಿಗೆ ಸಮಾಧಾನ ಹುಡುಕುವವರು ಹೇಳುವ ಕಾರಣವದು. ನಮಗೆ ಅಷ್ಟು ನಂಬಿಕೆ ಹುಟ್ಟುವುದಿಲ್ಲ. ಕಾರಣವೇನೇ ಇರಲಿ, ಬೆನ್ನಿಗೆ ನದಿಯನ್ನು ಇಟ್ಟುಕೊಂಡು ಅವನು ಕಾದಾಡಿದನು. ಸ್ಯೂಯೆಲ್ ಗೊತ್ತುಮಾಡಿದ ಪ್ರಕಾರ ಅದು 1520ನೆಯ ಇಸವಿ ಮೇ 19ನೆಯ ದಿವಸ. ಬಿಜಾಪುರದ ತೋಪುಗಳು ಮೊದಲು ವಿಜಯನಗರದ ಸಾಲುಗಳನ್ನು ಒಡೆದುವು. ಆಮೇಲೆ ರಾಯನೇ ಮುಂದಕ್ಕೆ ನುಗ್ಗಿದಾಗ ಯುದ್ಧದ ಗತಿ ತಿರುಗಿತು. ಸೋತವರು ನದಿಯ ಕಡೆಗೆ ಓಡಿದರು. ನೀರಿಗಾಗಿ ಜನ ಮರಳು ತೋಡುತ್ತಿದ್ದ ಆ ನಾಡಿನಲ್ಲಿ ಸಾವಿರಾರು ಜನ ನೀರಿನಲ್ಲಿಯೇ ಮುಳುಗಿ ಸತ್ತರು. ಸಾಯುವವರಲ್ಲಿ ತಪ್ಪಿಲ್ಲದವರೇ ಬಹಳ, ಅಪರಾಧ ಮಾಡಿದ್ದ ಒಡೆಯನು ಆಗಲೇ ದಂಡ ತೆತ್ತಿದ್ದಾನೆಂದು ಹೇಳಿ ಕೃಷ್ಣದೇವರಾಯನು ಅಟ್ಟಿಸಿಕೊಂಡು ಹೋಗುವುದನ್ನು ನಿಲ್ಲಿಸಿದನೆಂದು ನ್ಯೂನಿಜ್ ಬರೆದಿದ್ದಾನೆ. ಆ ಯುದ್ಧದ ವರ್ಣನೆಯಲ್ಲೆಲ್ಲ ನಮಗೆ ಓದಲು ಮನಸ್ಸಾಗುವ ಭಾಗ ಅದೊಂದೇ.

ಕೋಟೆ ಕೊನೆಗೆ ಬಿದ್ದುದು ಬಾಯಾರಿಕೆಯಿಂದಲ್ಲ, ಬಂದೂಕಿನಿಂದ. ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ದ ಫಿಗೆರೆಡೊ ಎಂಬ ಪೋರ್ಚುಗೀಸನು ತನ್ನ ಇಪ್ಪತ್ತು ಮಂದಿ ಬಂದೂಕುಗಾರರೊಡನೆ ಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಹೊಡೆಯಲು, ಕೆಳಗಿನವರು ನಿರ್ಭಯವಾಗಿ ಗೋಡೆಯ ಕಲ್ಲುಗಳನ್ನು ಕಿತ್ತರು. ಕೋಟೆಯ ಅಧಿಕಾರಿಯೂ ಹಣೆಗೆ ಗುಂಡು ತಗಲಿ ಸತ್ತನು. ಮರುದಿವಸ ಊರು ಶರಣಾಗತವಾಯಿತು. ಈ ಪ್ರಸಂಗದ ವಿಷಯವಾಗಿ ಇತ್ತೀಚೆಗೆ ರಿಚರ್ಡ್ ಈಟನ್ ಎಂಬ ವಿದ್ವಾಂಸರು ವಿಸ್ತಾರವಾಗಿ ಬರೆದಿದ್ದಾರೆ. ದಖ್ಖನಿನಲ್ಲಿ ಮದ್ದುಗುಂಡಿನ ಉಪಯೋಗದ ಇತಿಹಾಸಕ್ಕೆ ರಾಯಚೂರು ಒಂದು ಮುಖ್ಯವಾದ ಮೈಲಿಗಲ್ಲೆಂಬುದು ಈಗ ಎಲ್ಲರೂ ಒಪ್ಪಿದ ಮಾತು. ನಾವು ಅದರ ಜೊತೆಗೆ ಒಂದೇ ಒಂದು ಮಾತನ್ನು ಸೇರಿಸಬಯಸುತ್ತೇವೆ. ಗುಂಡಿನ ಬಲದಿಂದ ಗೆಲ್ಲಬೇಕಾಗಿ ಬಂದುದೇಕೆ? ನೀರಿನ ಬಲದಿಂದ ಊರು ಅಷ್ಟು ಕಾಲ ನಿಂತುದರಿಂದ.

ಕೃಷ್ಣದೇವರಾಯನಿಗೆ ಈ ಪಾಠ ಹೊಸದಾಗಿರಲಿಲ್ಲವೆಂದು ಕಾಣುತ್ತದೆ. ತನ್ನ ತೆಲುಗು ಕಾವ್ಯವಾದ ಆಮುಕ್ತಮಾಲ್ಯದದಲ್ಲಿ ರಾಜನೀತಿಯನ್ನು ಹೇಳುವಾಗ ಅವನು ಕೆರೆ ಕಾಲುವೆಗಳನ್ನು ಕಟ್ಟಿಸುವುದನ್ನು ರಾಜ್ಯದ ಏಳಿಗೆಯ ಉಪಾಯಗಳಲ್ಲಿ ಎಣಿಸಿದ್ದಾನೆ. ಹೊಸಪೇಟೆಯ ಹತ್ತಿರ ಅವನು ಮಾಡಿಸಿದ ದೊಡ್ಡ ಕೆರೆಯ ಕೆಲಸಕ್ಕೆ ಗೋವೆಯಿಂದ ಜೊವಾವೊ ದ ಲಾ ಪೊಂಟೆ ಎಂಬ ಕಲ್ಲುಕೆಲಸದವನು ಬಂದಿದ್ದನು. ಆ ಏರಿ ಮತ್ತೆ ಮತ್ತೆ ಒಡೆದುದರಿಂದ ಅಲ್ಲಿ ನರಬಲಿಯಾಯಿತೆಂದು ಪಾಯೆಸ್ ಮತ್ತು ನ್ಯೂನಿಜ್ ಇಬ್ಬರೂ ಹೇಳುತ್ತಾರೆ. ಕೆರೆಗೆ ಹಾರವಾದವರ ಕಥೆ ಕನ್ನಡದ ಜನಪದರಿಗೆ ಹೊಸದಲ್ಲ. ಪರದೇಶದವರ ಬರವಣಿಗೆಯಲ್ಲಿಯೂ ಅದು ಕಾಣುವಾಗ ಮಾತ್ರ ನಮ್ಮ ಮೈ ಇನ್ನೂ ಸ್ವಲ್ಪ ಹೆಚ್ಚಾಗಿ ನಡುಗುತ್ತದೆ.

ಕಲ್ಲು ಹೊತ್ತವರ, ಮಣ್ಣು ಹೊತ್ತವರ ಸುದ್ದಿ ಶಾಸನಗಳಲ್ಲಿ ಬರುವುದು ಅಪೂರ್ವ. ರಾಯಚೂರಿಗೆ ಆ ಭಾಗ್ಯ ಸ್ವಲ್ಪ ಮಟ್ಟಿಗೆ ಲಭಿಸಿದೆ. ಒಳಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿ 8 ಅಂಗುಲ ಉದ್ದದ ಒಂದೇ ಕಲ್ಲಿದೆ. ಅದರ ಮೇಲಣ ತೆಲುಗು ಶಾಸನ 1294ನೆಯ ಇಸವಿಯದು. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನಾಥನು ಕೋಟೆಯನ್ನು ಕಟ್ಟಿಸಿದ ವಿಚಾರ ಅದರಲ್ಲಿದೆ. ಅಷ್ಟೇ ಆಗಿದ್ದರೆ ನಾವು ಅದನ್ನು ಇಲ್ಲಿ ಪ್ರಸ್ತಾಪಿಸುತ್ತಿರಲಿಲ್ಲ. ಗೋಡೆಯ ಮೇಲೆ ಒಂದು ಚಿತ್ರವನ್ನೂ ಕೊರೆದಿದ್ದಾರೆ: ಅದೇ ಕಲ್ಲನ್ನು ಕಡ್ಡಿಗಳಿಲ್ಲದ ಗಟ್ಟಿ ಗಾಲಿಯ ಬಂಡಿಯ ಮೇಲೆ ಹೇರಿದೆ, ಕೋಣಗಳ ಉದ್ದವಾದ ಸಾಲು ಅದನ್ನು ಎಳೆಯುತ್ತಿದೆ, ಬಂಡಿಯ ಮೇಲೆ ಹೊಡೆಯುವವರು, ಹಿಂದೆ ಮೀಟುಗೋಲು ಹಾಕಿ ಗಾಲಿಯನ್ನು ನೂಕುವವರು. ಅವರಲ್ಲಿ ಒಬ್ಬನ ಹೆಸರೂ ಇಲ್ಲ. ಆದರೆ ಅವರು ಬಗ್ಗಿದ ಭಂಗಿ 700 ವರ್ಷಗಳಿಂದ ಹಾಗೆಯೇ ಉಳಿದಿದೆ. ಆ ಕೋಣಗಳು ದಿನವೂ ಎಲ್ಲಿ ನೀರು ಕುಡಿದುವು, ಆ ಆಳುಗಳು ಸಂಜೆಗೆ ಎಲ್ಲಿ ಮೈ ತೊಳೆದರು? ಮಾವಿನಕೆರೆಯ ದಂಡೆಯಲ್ಲಿ ಎಮ್ಮೆಗಳು ನೀರಿಗೆ ಇಳಿಯುವುದನ್ನು ನೋಡುವಾಗ ಆ ಪ್ರಶ್ನೆ ನಮಗೆ ಬರುತ್ತದೆ. ಎಮ್ಮೆಗಳಿಗೆ ಅದು ಬರುವುದಿಲ್ಲ. ಅವು ಮೂಗಿನ ತನಕ ಮುಳುಗಿ ಕಣ್ಣು ಮುಚ್ಚಿಕೊಳ್ಳುತ್ತವೆ.

ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. 1529ರಲ್ಲಿ ಕೃಷ್ಣದೇವರಾಯನು ತೀರಿಹೋದ ಸ್ವಲ್ಪ ಕಾಲದಲ್ಲಿಯೇ ರಾಯಚೂರು ಮತ್ತೆ ಆದಿಲ್ ಷಾಹಿಗಳದಾಯಿತು. ಹೊರಗಣ ಕೋಟೆ ಅವರ ಕಾಲದ್ದು. ಅದರ ಸುತ್ತ ಆಳವಾದ ಕಂದಕವನ್ನು ತೋಡಿ ಅವರು ನೀರನ್ನು ಕಾವಲಿಗೂ ನಿಲ್ಲಿಸಿದರು. ಬಿಜಾಪುರ ಅಳಿದು, ಮೊಗಲರು ಬಂದು ಹೋಗಿ, ಸೀಮೆಯು ನಿಜಾಮರ ಕೈಗೆ ಬಂದಿತು. 1853ರಲ್ಲಿ ಇಂಗ್ಲಿಷರಿಗೆ ಹೋಗಿ 1860ರಲ್ಲಿ ಹಿಂದಕ್ಕೆ ಬಂದಿತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲು ಹಾದಿಯೂ ಮದರಾಸಿನ ಕಡೆಯಿಂದ ಬಂದ ರೈಲು ಹಾದಿಯೂ ರಾಯಚೂರಿನಲ್ಲಿ ಕೂಡಿದುವು. ಹಬೆಯ ಯಂತ್ರವು ಆನೆಗಿಂತಲೂ ಹೆಚ್ಚು ನೀರು ಕುಡಿಯುತ್ತದೆ. ಆದರೆ ಅದೇ ಹಬೆಯ ಯಂತ್ರ ಯಾವ ಅರಸನೂ ಮಾಡಲಾರದುದನ್ನು ಮಾಡಬಲ್ಲುದಾಗಿತ್ತು: ಹಳ್ಳದಲ್ಲಿರುವ ನೀರನ್ನು ದಿಣ್ಣೆಗೆ ಏರಿಸುವುದು.

ನ್ಯೂನಿಜನು ಹೇಳಿದ ಆ ಮೂರು ಹರದಾರಿಯ ದಾರಿಯಲ್ಲಿ ಉತ್ತರಕ್ಕೆ ಹೋದರೆ ದೇವಸೂಗೂರು ಸಿಕ್ಕುತ್ತದೆ. ಸೂಗೂರೇಶ್ವರನ ಕ್ಷೇತ್ರ, ಅದರ ಪಕ್ಕದಲ್ಲಿಯೇ ಕೃಷ್ಣೆ. 1520ರಲ್ಲಿ ಸುಲ್ತಾನನ ದಂಡು ಮುಳುಗಿದ ಆ ನದಿಯ ಮೇಲೆ, ನಿಜಾಮರ ಆಳಿಕೆಯಲ್ಲಿ, ಕಲ್ಲಿನ ಕಮಾನುಗಳ ಸೇತುವೆಯನ್ನು 1933ರಲ್ಲಿ ಆರಂಭಿಸಿ 1943ರಲ್ಲಿ ಪೂರೈಸಿದರು. ಅದರ ಹೆಸರು ಸಿರಾತ್-ಎ-ಜೂದಿ. ಒಂದೊಂದೂ 60 ಅಡಿ ಅಗಲದ 35 ಕಮಾನುಗಳು. ಆಷಾಢದ ಕೆಂಪು ನೀರು ಅವುಗಳ ಕಾಲುಗಳನ್ನು ಸುತ್ತಿ ಹರಿಯುವುದು ನೋಡತಕ್ಕ ನೋಟ. 1985ರಲ್ಲಿ ಅಲ್ಲಿಯೇ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕ ನಡೆಯತೊಡಗಿತು. ಮುಂದೆ ಅದು ಎಂಟು ಘಟಕಗಳಾಗಿ 1720 ಮೆಗಾವಾಟಿನ ಕೇಂದ್ರವಾಯಿತು. ಕಲ್ಲಿದ್ದಲು ದೂರದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ, ನೀರು ಮಗ್ಗುಲಲ್ಲಿಯೇ ಕೃಷ್ಣೆಯಿಂದ ಬರುತ್ತದೆ. ಕರ್ನಾಟಕದ ಎಷ್ಟೋ ಮನೆಗಳ ದೀಪ ದೀರ್ಘಕಾಲ ಈ ನೀರಿನ ಹಬೆಯಿಂದ ಉರಿದಿದೆ.

ಇಂದು ರಾಯಚೂರು ಪಟ್ಟಣವೂ ನದಿಯ ನೀರನ್ನು ಕುಡಿಯುತ್ತದೆ: ಒಂದು ಕಡೆ ಕೃಷ್ಣೆಯದು, ಇನ್ನೊಂದು ಕಡೆ ತುಂಗಭದ್ರೆಯ ಕಾಲುವೆಯದು. ದೋಆಬ್ ಎಂಬ ಹೆಸರು ಕಡೆಗೂ ನಿಜವಾಯಿತು. ನಲ್ಲಿ ಬಂದ ದಿವಸ ಊರಿನವರಿಗೆ ಆದ ಸಂತೋಷವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನೀರಿನ ಕೊಡ ಹೊತ್ತು ಕುತ್ತಿಗೆ ನೋಯಿಸಿಕೊಂಡವರು ಇತಿಹಾಸದ ಅಧ್ಯಾಪಕರಲ್ಲ, ನಮ್ಮ ಮನೆಗಳ ಹೆಂಗಸರು. ಆದರೆ ನಲ್ಲಿ ಬಂದುದರ ಜೊತೆಯಲ್ಲಿಯೇ ಇನ್ನೊಂದು ಸಂಗತಿಯೂ ನಡೆಯಿತು. ಕೆರೆ ಕುಡಿಯುವ ನೀರಾಗಿದ್ದ ತನಕ ಅದರೊಳಕ್ಕೆ ಯಾರು ಏನನ್ನು ಬಿಡುತ್ತಾರೆಂಬುದನ್ನು ಇಡೀ ಊರು ಕಾಯುತ್ತಿತ್ತು. ಅದು ಕುಡಿಯುವ ನೀರಲ್ಲವಾದ ಮೇಲೆ ಕಾಯುವ ಕಣ್ಣುಗಳು ಬೇರೆ ಕಡೆ ತಿರುಗಿದುವು. ಬಚ್ಚಲ ನೀರು ಕೆರೆಗೆ ಇಳಿಯಿತು, ಅಂಚಿನ ಭೂಮಿಯ ಮೇಲೆ ಮನೆಗಳ ಕಣ್ಣು ಬಿತ್ತು, ಜಲಕಳೆ ಹಸುರು ಚಾಪೆಯನ್ನು ಹಾಸಿತು. ಉದ್ಯಾನವನ್ನು ಹಾಕಿದುದು ಒಳ್ಳೆಯ ಕೆಲಸವೇ. ಹೂವಿನ ಗಿಡ, ಕುಳಿತುಕೊಳ್ಳಲು ಕಲ್ಲಿನ ಆಸನ, ಮಕ್ಕಳಿಗೆ ಉಯ್ಯಾಲೆ ಯಾರಿಗೆ ಬೇಡ? ಆದರೆ ನೋಡುವುದಕ್ಕೆ ಮಾತ್ರ ಇಟ್ಟುಕೊಂಡ ಕೆರೆ ಒಂದು ಬಗೆ, ಕುಡಿಯುವುದಕ್ಕೆ ಇಟ್ಟುಕೊಂಡ ಕೆರೆ ಇನ್ನೊಂದು ಬಗೆ. ಗಾಳಿ ನೀರಿನ ಕಡೆಯಿಂದ ಬೀಸಿದ ದಿವಸ ವಿಹಾರಕ್ಕೆ ಬಂದವರು ಆ ಭೇದವನ್ನು ಮೂಗಿನಿಂದಲೇ ತಿಳಿದುಕೊಳ್ಳುತ್ತಾರೆ.

2022ನೆಯ ಇಸವಿಯ ಮೇ ತಿಂಗಳ ಕೊನೆಯಲ್ಲಿಯೂ ಜೂನ್ ತಿಂಗಳ ಮೊದಲಲ್ಲಿಯೂ ರಾಯಚೂರಿನ ಕೆಲವು ಬಡಾವಣೆಗಳಲ್ಲಿ ನಲ್ಲಿಯಿಂದ ಬಂದ ನೀರು ಕಲುಷಿತವಾಗಿದ್ದಿತು. ಅದನ್ನು ಕುಡಿದ ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ವಿಚಾರಣೆಗಳಾದುವು, ಪರಿಹಾರಗಳ ಘೋಷಣೆಯಾಯಿತು, ಪತ್ರಿಕೆಗಳು ಕೆಲವು ವಾರ ಬರೆದುವು. 1520ರ ಮೇ ತಿಂಗಳಲ್ಲಿ ಎರಡು ರಾಜ್ಯಗಳ ಸೈನ್ಯಗಳು ಸುತ್ತಲೂ ಇದ್ದಾಗ ಈ ಊರಿನ ಜನಕ್ಕೆ ಇದ್ದ ನಾನಾ ಭಯಗಳಲ್ಲಿ ನೀರಿನ ಭಯವೊಂದು ಸೇರಿರಲಿಲ್ಲ. 2022ರ ಮೇ ತಿಂಗಳಲ್ಲಿ ಯಾವ ಸೈನ್ಯವೂ ಇರಲಿಲ್ಲ.

ಬೆಟ್ಟದ ಮೇಲಣ ಊಟೆಯನ್ನು ಹುಡುಕಿಕೊಂಡು ಹತ್ತುವ ಹುಡುಗರು ಈಗಲೂ ಇದ್ದಾರೆ. ವಿದ್ಯಾರ್ಥಿಗಳನ್ನು ಕೋಟೆಗೆ ಕರೆದುಕೊಂಡು ಹೋದಾಗ ಅವರು ಮೊದಲು ತೋಪಿನ ಕಡೆ ಓಡುತ್ತಾರೆ, ನಾವು ತಡೆಯುವುದಿಲ್ಲ. ಇಳಿದು ಬರುವಾಗ ಬಂಡೆಗಳ ನಡುವಣ ತಗ್ಗುಗಳಲ್ಲಿ ಮಳೆಯ ನೀರು ನಿಂತಿದ್ದರೆ ಅದನ್ನು ತೋರಿಸಿ, ಇದು ಎಲ್ಲಿಗೆ ಹೋಗುತ್ತದೆಂದು ಕೇಳುತ್ತೇವೆ. ಒಬ್ಬಿಬ್ಬರು ಕೆಳಗೆ ನೋಡಿ ಕೆರೆಯನ್ನು ತೋರಿಸುತ್ತಾರೆ. ಅಲ್ಲಿಂದ ನೋಡಿದರೆ ಮಾವಿನಕೆರೆ ಪೂರ್ತಿ ಕಾಣುತ್ತದೆ: ನಡುವೆ ಹೊಳೆಯುವ ನೀರು, ಅಂಚಿಗೆ ಹಸುರು, ಅದರಾಚೆಗೆ ಒತ್ತಿಕೊಂಡು ನಿಂತ ಮನೆಗಳು. ಮನೆಗಳ ಮಾಳಿಗೆಗಳ ಮೇಲೆ ಕಪ್ಪು ನೀರಿನ ತೊಟ್ಟಿಗಳು ಸಾಲಾಗಿವೆ.

ಸಂಜೆ ಹೊತ್ತಿಗೆ ಪಟ್ಟಣದ ಬೀದಿಗಳಲ್ಲಿ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಜನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಡುತ್ತಾರೆ. ಅಲ್ಲಿ ನಾಣ್ಯವನ್ನು ಹಾಕಿದರೆ ನೀರು ಬರುತ್ತದೆ. ಸರದಿಯಲ್ಲಿ ನಿಂತವರ ಮಾತಿನಲ್ಲಿ ಉರ್ದು, ಕನ್ನಡ, ತೆಲುಗು ಮೂರೂ ಬೆರೆತಿರುತ್ತವೆ. ಆ ಯಂತ್ರದ ನೀರನ್ನು ಆಮ್ ಎನ್ನಬೇಕೋ ಖಾಸ್ ಎನ್ನಬೇಕೋ ಎಂದು ನಾವು ಒಮ್ಮೆ ಉರ್ದು ಬಲ್ಲ ವೃದ್ಧರೊಬ್ಬರನ್ನು ಕೇಳಿದೆವು. ಅವರು ಕ್ಯಾನಿನ ಮುಚ್ಚಳವನ್ನು ತಿರುಗಿಸಿ ಬಿಗಿಮಾಡುತ್ತಾ, “ಚಿಲ್ಲರೆ ಇದ್ದವರಿಗೆ ಆಮ್, ಸಾಹೇಬರೇ” ಎಂದರು.